ಕುಂಕುಮ ಹಚ್ಚಿದ ಕಾಳು

"ಅಜ್ಜಾರೇ, ಬಹುಮಾನದ ಪತ್ರ ಖಜಾನೆಗೆ ಹಿಂದಿರುಗಿಸಿದ ಮರುದಿನವೇ ಅದಕ್ಕೆ ಬಹುಮಾನ ಬಂದುಬಿಟ್ಟರೆ ಏನು ಮಾಡುವುದು?"

ಹೀಗೆ ಕೇಳಿದವನು ಕಲ್ಲಪ್ಪ. ದಿನವೂ ಸಂಜೆ ಮಠಕ್ಕೆ ಬಂದು ಗುರುಗಳ ಮುಂದೆ ಕುಳಿತು ಹೋಗುವ ಶಿಷ್ಯ. ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಪತ್ರ ಕೊಂಡು ಎಷ್ಟು ವರ್ಷವಾಯಿತು?"

"ಐದು ವರ್ಷ."

"ಯಾತಕ್ಕೆ ಅಂತ ಕೂಡಿಟ್ಟ ದುಡ್ಡು ಅದು?"

ಕಲ್ಲಪ್ಪ ಸ್ವಲ್ಪ ತಡವರಿಸಿದ. "ಮನೆಯವಳು ದೂರದಿಂದ ನೀರು ಹೊರುತ್ತಾಳೆ. ಹಿತ್ತಲಲ್ಲಿ ಒಂದು ಬಾವಿ ತೋಡಿಸೋಣ ಅಂತಿತ್ತು. ಬಹುಮಾನ ಬಂದರೆ ಬಾವಿಯೂ ಆಗುತ್ತದೆ, ಅಸಲೂ ಉಳಿಯುತ್ತದೆ ಅಂತ ಪತ್ರ ಕೊಂಡೆ. ಐದು ವರ್ಷ ಕಾದಿದ್ದೇನೆ. ಇನ್ನೇನು ಬರುವ ಹೊತ್ತು. ಈಗ ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ."

"ಇನ್ನೇನು ಬರುವ ಹೊತ್ತು!" ಗುರುಗಳು ಗಟ್ಟಿಯಾಗಿ ನಕ್ಕರು. "ಆಹಾ! ಯಾರು ಹೇಳಿದರಪ್ಪ? ಬಹುಮಾನವೇ ಬಂದು ನಿನ್ನ ಕಿವಿಯಲ್ಲಿ ಹೇಳಿತೇನು? ಇತ್ತ ಬಾ. ಕೈ ಖಾಲಿ ಇಟ್ಟುಕೊಂಡು ಕೂರಬೇಡ, ಈ ಕಾಯಿ ಸುಲಿ. ಸುಲಿಯುತ್ತ ಕೇಳು."

ಕಲ್ಲಪ್ಪ ಮೊರದ ಮುಂದೆ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ ಇದ್ದ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀನು ನಾಳೆಯೇ ಅವನ ಮನೆಗೆ ಹೋಗಿ ಪತ್ರದ ನಂಬರು ಯಾವುದಿತ್ತು ಅಂತ ಕೇಳುತ್ತೀ. ನಿನ್ನನ್ನು ನಾನು ಬಲ್ಲೆ.

ಅವನೂ ಅವನ ಹೆಂಡತಿಯೂ ಒಬ್ಬ ಸಾಹುಕಾರನ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು. ಕೂಲಿ ನೇಯ್ಗೆ ಅಂದರೆ ಸಾಹುಕಾರ ಹೇಳಿದ ಬಣ್ಣ, ಸಾಹುಕಾರ ಹೇಳಿದ ಅಂಚು. ಗಂಡ ಒಳ್ಳೆಯ ನೇಕಾರ. ಹೆಂಡತಿ ಅವನಿಗಿಂತ ಒಂದು ಕೈ ಮೇಲು. ಇದನ್ನು ಅವನೇ ಒಪ್ಪುತ್ತಿದ್ದ, ಸಿಟ್ಟು ಬಂದಾಗ ಮಾತ್ರ ಒಪ್ಪುತ್ತಿರಲಿಲ್ಲ.

ಆ ಹೆಂಗಸಿಗೆ ಒಂದು ಆಸೆ ಇತ್ತು. ಸೀರೆಯ ಅಂಚಿನಲ್ಲಿ ಹುಣಸೆ ಎಲೆ ನೇಯಬೇಕು. ಹುಣಸೆ ಎಲೆ ನೋಡಿದ್ದೀಯಲ್ಲ? ಕಡ್ಡಿಯ ಎರಡೂ ಕಡೆ ಸಾಲಾಗಿ ಅಕ್ಕಿಕಾಳಿನಷ್ಟು ಎಲೆ. ಅದನ್ನು ನೂಲಿನಲ್ಲಿ ತರುವುದು ಹುಡುಗಾಟವಲ್ಲ. ಒಂದು ಎಳೆ ತಪ್ಪಿದರೆ ಎಲೆ ಹೋಗಿ ಕಲೆಯಾಗುತ್ತದೆ. ಆ ಊರಿನಲ್ಲಿ ಅದನ್ನು ಯಾರೂ ನೇಯ್ದಿರಲಿಲ್ಲ. ಅವಳು ಸಾಹುಕಾರನನ್ನು ಕೇಳಿದಳು. "ಅದೆಲ್ಲ ಬೇಡ ತಾಯಿ, ಮಾರಿ ಹೋಗುವ ಅಂಚು ನೇಯಿ" ಅಂದ. ಅವನ ಮಗ್ಗ, ಅವನ ಮಾತು. ತನ್ನದೇ ಮಗ್ಗ ಆಗದೆ ಹುಣಸೆ ಎಲೆ ಆಗುವುದಿಲ್ಲ ಎಂಬುದು ಅವಳಿಗೆ ಅವತ್ತೇ ಖಾತ್ರಿಯಾಯಿತು.

ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಸಾವಿರ ರೂಪಾಯಿ ಕೂಡಿಸಿದರು. ಆ ಕಾಲಕ್ಕೆ ಸಾವಿರಕ್ಕೆ ಒಂದು ಒಳ್ಳೆಯ ಮಗ್ಗ ಬರುತ್ತಿತ್ತು. ನಾಳೆ ಬಡಗಿಗೆ ಹೇಳಬೇಕು ಅನ್ನುವಾಗ ಊರಿಗೆ ಬಹುಮಾನದ ಪತ್ರ ಬಂತು.

ಖಜಾನೆಯ ಗುಮಾಸ್ತನೊಬ್ಬ ಬಂದು ಚಾವಡಿಯಲ್ಲಿ ಕುಳಿತು ವಿವರಿಸಿದ. ಒಂದು ಪತ್ರಕ್ಕೆ ನೂರು ರೂಪಾಯಿ. ಅಸಲು ಎಲ್ಲಿಗೂ ಹೋಗುವುದಿಲ್ಲ, ಬೇಕಾದ ದಿನ ಪತ್ರ ಕೊಟ್ಟು ಹಣ ವಾಪಸ್ ಪಡೆಯಬಹುದು. ಬಡ್ಡಿ ಮಾತ್ರ ಇಲ್ಲ. ಎಲ್ಲರ ಬಡ್ಡಿಯನ್ನೂ ಒಟ್ಟು ಮಾಡಿ, ತಿಂಗಳಿಗೊಂದು ನಂಬರು ಎತ್ತಿ, ಬಂದವರಿಗೆ ಹತ್ತು ಸಾವಿರ. ಇದರಲ್ಲಿ ಮೋಸವಿಲ್ಲ, ಮುಚ್ಚುಮರೆಯಿಲ್ಲ. ಗುಮಾಸ್ತ ಇನ್ನೂ ಏನೋ ಹೇಳುವವನಿದ್ದ. ನೇಕಾರರು ಬಿಡಲಿಲ್ಲ. "ಸಾಕು ಬಿಡಿ ಸಾಹೇಬ್ರೇ, ಚೀಟಿ ತಾನೇ? ನಮಗೇ ಚೀಟಿ ಹೇಳಿಕೊಡುತ್ತೀರಾ?" ಅಂದರು.

ಅಲ್ಲೇ ಎಡವಿದರು ನೋಡು. ಆ ಊರಿನ ನೇಕಾರರು ಅಜ್ಜನ ಕಾಲದಿಂದ ಚೀಟಿ ಹಾಕುತ್ತ ಬಂದವರು. ಇಪ್ಪತ್ತು ಮನೆ ಸೇರಿ ತಿಂಗಳು ತಿಂಗಳು ದುಡ್ಡು ಹಾಕುತ್ತಾರೆ. ಇಪ್ಪತ್ತು ಹೆಸರು ತಂಬಿಗೆಯಲ್ಲಿ ಹಾಕಿ ಒಂದನ್ನು ಎತ್ತುತ್ತಾರೆ. ಅವನಿಗೆ ಅಷ್ಟೂ ದುಡ್ಡು. ಬಂದ ಹೆಸರನ್ನು ಮತ್ತೆ ತಂಬಿಗೆಗೆ ಹಾಕುವುದಿಲ್ಲ. ಮುಂದಿನ ತಿಂಗಳು ಹತ್ತೊಂಬತ್ತು, ಅದರ ಮುಂದಿನ ತಿಂಗಳು ಹದಿನೆಂಟು. ಕಾದಷ್ಟೂ ಹತ್ತಿರವಾಗುತ್ತದೆ. ಕೊನೆಯವನಿಗೆ ಎತ್ತುವ ಕೆಲಸವೇ ಇಲ್ಲ, ತಂಬಿಗೆಯಲ್ಲಿರುವುದು ಅವನೊಬ್ಬನೇ. ಚೀಟಿಯಲ್ಲಿ ಕಾಯುವುದೂ ಒಂದು ಗಳಿಕೆ. ಇದು ಅವರ ರಕ್ತದಲ್ಲೇ ಇತ್ತು. ಬಹುಮಾನದ ಪತ್ರವೂ ಹಾಗೆಯೇ ಅಂದುಕೊಂಡರು.

ನೇಕಾರ ಮನೆಗೆ ಓಡಿ ಬಂದ. "ಏನೇ, ಸಾವಿರವನ್ನೂ ಪತ್ರಕ್ಕೆ ಹಾಕೋಣ. ನಮ್ಮ ಸರದಿ ಬಂದಾಗ ಹತ್ತು ಸಾವಿರ. ಒಂದಲ್ಲ, ಎರಡು ಮಗ್ಗ ಹಾಕೋಣ. ಸಾವಿರ ಹಾಗೇ ಇರುತ್ತದೆ. ಮಗ್ಗ ಬಿಟ್ಟಿ!"

"ನಮ್ಮ ಸರದಿ ಯಾವಾಗ?" ಅಂದಳು ಹೆಂಡತಿ.

"ಬರುತ್ತದೆ. ಬರದೆ ಎಲ್ಲಿಗೆ ಹೋಗುತ್ತದೆ?"

ಅವಳಿಗೆ ಪೂರ್ತಿ ಮನಸ್ಸಿರಲಿಲ್ಲ. ಆದರೂ ಗಂಡನ ಮುಖದ ಖುಷಿ ನೋಡಿ, ಒಂದು ವರ್ಷ ತಾನೇ ಅಂತ ಒಪ್ಪಿದಳು. ಹತ್ತು ಪತ್ರ ಮನೆಗೆ ಬಂದವು.

ತಿಂಗಳಿಗೊಮ್ಮೆ ಪಟ್ಟಣದಲ್ಲಿ ನಂಬರು ಎತ್ತಿ, ಗೆದ್ದವರ ಹೆಸರನ್ನು ಚಾವಡಿಯ ಗೋಡೆಗೆ ಅಂಟಿಸುತ್ತಿದ್ದರು. ಇನ್ನೊಬ್ಬರಿಗೆ ಬಂದರೆ ಹೊಟ್ಟೆ ಉರಿಯಬೇಕಲ್ಲ? ಈ ನೇಕಾರ ಕುಣಿದಾಡುತ್ತಿದ್ದ. "ಇನ್ನೊಬ್ಬ ಕಳೆದ ಕಣೇ! ಒಂದು ಹೆಸರು ಕಡಿಮೆಯಾಯಿತು!" ಅಂತ ಬಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಬೆಲ್ಲದ ವ್ಯಾಪಾರಿಯೊಬ್ಬನಿಗೆ ಎರಡನೆಯ ವರ್ಷ ಬಹುಮಾನ ಬಂತು. ಅವನು ಊರಿಗೆಲ್ಲ ಬೆಲ್ಲ ಹಂಚಿದ. ನೇಕಾರ ಎರಡು ಅಚ್ಚು ತಿಂದು, "ಈ ದೊಡ್ಡ ಕುಳವೂ ಕಳೆಯಿತು" ಅಂತ ನೆಮ್ಮದಿಯಿಂದ ನಿದ್ದೆ ಮಾಡಿದ. ನಗಬೇಡ ಕಲ್ಲಪ್ಪಾ, ಕಾಯಿ ಸುಲಿ.

ವರ್ಷಕ್ಕೊಮ್ಮೆ ಹೆಂಡತಿ ಕೇಳುತ್ತಿದ್ದಳು. "ರೀ, ಪತ್ರ ಕೊಟ್ಟು ದುಡ್ಡು ತರೋಣ, ಮಗ್ಗ ಹಾಕೋಣ." ಒಂದನೆಯ ವರ್ಷ ಅವನು, "ಈಗಿನ್ನೂ ಇಟ್ಟಿದ್ದೇವೆ, ಅವಸರ ಯಾಕೆ?" ಅಂದ. ಮೂರನೆಯ ವರ್ಷ, "ಅರ್ಧ ದಾರಿಗೆ ಬಂದಿದ್ದೇವೆ" ಅಂದ. ಐದನೆಯ ವರ್ಷ, "ಇಷ್ಟು ಕಾದು ಈಗ ತೆಗೆದರೆ ಕಾದದ್ದೆಲ್ಲ ದಂಡ" ಅಂದ. ಯಾವ ದಾರಿ, ಎಲ್ಲಿ ಅರ್ಧ, ಅವನಿಗೂ ಗೊತ್ತಿರಲಿಲ್ಲ.

ಏಳನೆಯ ವರ್ಷ ಒಂದು ದಿನ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಹತ್ತಿರ ಹಿಡಿದಳು, ಆಗಲಿಲ್ಲ. ಕೈ ಚಾಚಿ ದೂರ ಹಿಡಿದಳು, ಆಗಲೂ ಆಗಲಿಲ್ಲ.

"ಬಹುಮಾನ ಬರಲಿ, ಬಂಗಾರದ ಕಟ್ಟಿನ ಕನ್ನಡಕ ಕೊಡಿಸುತ್ತೇನೆ" ಅಂದ ಗಂಡ.

ಅವಳು ನಗಲಿಲ್ಲ. "ನನಗೆ ಭಯವಾಗುತ್ತಿದೆ ರೀ. ಈ ಕಣ್ಣು ಹೀಗೇ ಹೋದರೆ, ಮಗ್ಗ ಬಂದರೂ ಹುಣಸೆ ಎಲೆ ನೇಯಲಾರೆ."

ಅವನು ಅವಳ ಕೈಯಿಂದ ಸೂಜಿ ತೆಗೆದುಕೊಂಡು ತಾನೇ ದಾರ ಪೋಣಿಸಿದ. ಆದರೂ ಬಾಯಿಯಿಂದ ಬಂದದ್ದು ಅದೇ ಮಾತು. "ಇನ್ನೊಂದು ವರ್ಷ ನೋಡೋಣ."

ಆ ತಿಂಗಳು ಚಾವಡಿಯ ಗೋಡೆಗೆ ಹೆಸರು ಬಂತು. ಅದೇ ಬೆಲ್ಲದ ವ್ಯಾಪಾರಿ! ಊರು ಕೆರಳಿತು. ಬಂದವನಿಗೇ ಮತ್ತೆ ಬರುವುದು ಅಂದರೇನು? ತಂಬಿಗೆಯಿಂದ ತೆಗೆದ ಹೆಸರು ತಂಬಿಗೆಗೆ ಹೇಗೆ ಹೋಯಿತು? ಹತ್ತು ಹದಿನೈದು ನೇಕಾರರು ಖಜಾನೆಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ನಮ್ಮ ನೇಕಾರ, ಅವನ ಹಿಂದೆ ಅವನ ಹೆಂಡತಿ.

ಗುಮಾಸ್ತ ತಾಳ್ಮೆಯ ಮನುಷ್ಯ. ಎಲ್ಲವನ್ನೂ ಕೇಳಿ, "ಬಂದ ನಂಬರನ್ನು ತೆಗೆಯುತ್ತೇವೆ ಅಂತ ನಿಮಗೆ ಯಾರು ಹೇಳಿದರು?" ಅಂದ. "ಅವತ್ತು ಅದನ್ನೇ ಹೇಳಲು ಹೊರಟಿದ್ದೆ. ಚೀಟಿ ಗೊತ್ತು ಅಂತ ನನ್ನ ಬಾಯಿ ಮುಚ್ಚಿಸಿದಿರಿ. ಇಲ್ಲಿ ಎಲ್ಲ ನಂಬರೂ ಪ್ರತಿ ತಿಂಗಳು ಪೆಟ್ಟಿಗೆಗೆ ಬೀಳುತ್ತವೆ. ವ್ಯಾಪಾರಿಯ ಬಳಿ ಐನೂರು ಪತ್ರ ಇವೆ. ಅವನಿಗೆ ಎರಡು ಸಲ ಬಂದದ್ದು ಅವನ ಅದೃಷ್ಟ."

"ಹಾಗಾದರೆ ನನ್ನ ಸರದಿ?" ಅಂದ ನೇಕಾರ.

"ಸರದಿ ಅಂತ ಇಲ್ಲಪ್ಪ. ಲೆಕ್ಕ ಬೇಕಾದರೆ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ನಲವತ್ತು ಸಾವಿರ ನಂಬರು. ನಿನ್ನವು ಹತ್ತು. ತಿಂಗಳಿಗೆ ಒಂದೇ ಬಹುಮಾನ. ಸರಾಸರಿ ನಾಲ್ಕು ಸಾವಿರ ತಿಂಗಳಿಗೆ ಒಂದು ಸಲ ನಿನಗೆ ಬರಬೇಕು. ಅಂದರೆ ಮುನ್ನೂರ ಮೂವತ್ತಮೂರು ವರ್ಷ."

ನೇಕಾರ ಬೆರಳು ಮಡಚಿ ಎಣಿಸಿದ. "ಏಳು ವರ್ಷ ಆಗಲೇ ಕಾದಿದ್ದೇನೆ. ಅದನ್ನು ಕಳೆಯಿರಿ. ಮುನ್ನೂರ ಇಪ್ಪತ್ತಾರು."

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. "ಅದೂ ಕಳೆಯುವುದಿಲ್ಲ. ಇವತ್ತಿನಿಂದಲೂ ಮುನ್ನೂರ ಮೂವತ್ತಮೂರೇ. ಮುಂದಿನ ವರ್ಷ ಬಂದು ಕೇಳಿದರೂ ಅಷ್ಟೇ. ಮೊದಲ ತಿಂಗಳಿಗೇ ಬಂದರೂ ಬರಬಹುದು, ಸಾವಿರ ವರ್ಷ ಬಾರದೆಯೂ ಇರಬಹುದು. ದುಡ್ಡು ಕೂಡಿಡಲು ಪತ್ರ ಒಳ್ಳೆಯದು. ಅದನ್ನು ನಂಬಿ ಕೆಲಸ ನಿಲ್ಲಿಸಿ ಕೂರಲು ಒಳ್ಳೆಯದಲ್ಲ."

ದಾರಿಯುದ್ದಕ್ಕೂ ನೇಕಾರ ಒಂದೇ ಮಾತು ಹೇಳುತ್ತ ಬಂದ. "ಗುಮಾಸ್ತನಿಗೆ ಲೆಕ್ಕ ಬರುವುದಿಲ್ಲ. ಏಳು ವರ್ಷ ಕಾದವನಿಗೂ ಇವತ್ತು ಬಂದವನಿಗೂ ಒಂದೇ ಅಂದರೆ ಅದು ನ್ಯಾಯವೇ?" ಹೆಂಡತಿ ಯೋಚನೆ ಮಾಡುತ್ತಿದ್ದಳು.

ಮರುದಿನ ಬೆಳಗ್ಗೆ ಅವಳು ನೂರು ಜೋಳದ ಕಾಳು ಎಣಿಸಿದಳು. ಒಂದು ಚಿಕ್ಕ ಚಮಚ ತುಂಬಿತು. ಅಂಥ ನಲವತ್ತು ಚಮಚ ಜೋಳವನ್ನು ಮೊರಕ್ಕೆ ಸುರಿದಳು. ಒಂದು ಕಾಳಿಗೆ ಕುಂಕುಮ ಹಚ್ಚಿ ಅದರಲ್ಲಿ ಹಾಕಿ ಕಲಸಿದಳು. ಅಂಗಳದಲ್ಲಿ ಇಟ್ಟು ಗಂಡನನ್ನು ಕರೆದಳು.

"ರೀ, ಇದು ನಾಲ್ಕು ಸಾವಿರ ಕಾಳು. ಕಣ್ಣು ಮುಚ್ಚಿ ಒಂದು ತೆಗೆಯಿರಿ. ಅದು ಒಂದು ತಿಂಗಳು. ಕೆಂಪು ಕಾಳು ಬಂದರೆ ಬಹುಮಾನ. ಬಾರದಿದ್ದರೆ ಕಾಳನ್ನು ಮತ್ತೆ ಅದರಲ್ಲೇ ಹಾಕಿ ಕಲಸಿ ಇನ್ನೊಂದು ತೆಗೆಯಿರಿ. ಖಜಾನೆಯವರು ಮಾಡುವ ಹಾಗೆಯೇ. ಕೆಂಪು ಬಂದರೆ ಪತ್ರದ ಸುದ್ದಿ ನಾನು ಮತ್ತೆ ಎತ್ತುವುದಿಲ್ಲ."

"ಇಷ್ಟೇ ತಾನೇ?" ನೇಕಾರ ತೋಳು ಮೇಲೇರಿಸಿ ಕುಳಿತ.

ತೆಗೆದ, ಹಾಕಿದ, ಕಲಸಿದ. ಹನ್ನೆರಡು ಸಲ ಆದಾಗ ಅವಳು, "ಒಂದು ವರ್ಷ" ಅಂದಳು. ಅವರು ಕಾದ ಏಳು ವರ್ಷ ಅರ್ಧ ತಾಸಿನಲ್ಲಿ ಮುಗಿಯಿತು. ಐವತ್ತು ವರ್ಷ ಆದಾಗ ಅವಳು, "ಈಗ ನಾವು ಸತ್ತೆವು ರೀ, ಇನ್ನು ಮೊಮ್ಮಕ್ಕಳ ಪಾಳಿ" ಅಂದಳು. ನೆರೆಹೊರೆಯವರು ಬಂದು ಸೇರಿದರು. ನೋಡುತ್ತ ಸುಮ್ಮನಿರಲು ಯಾರಿಗಾಗುತ್ತದೆ? "ನಿನ್ನ ಕೈ ಸರಿಯಿಲ್ಲ, ಸರಿ ಅತ್ತ" ಅಂತ ಒಬ್ಬ ಕುಳಿತ. "ನಿಮ್ಮಿಬ್ಬರದೂ ಸರಿಯಿಲ್ಲ" ಅಂತ ಇನ್ನೊಬ್ಬಳು ಕುಳಿತಳು. ನೂರು ವರ್ಷ ಆದಾಗ ಎಲ್ಲರೂ ಎದ್ದು ಊಟ ಮಾಡಿ ಬಂದರು. ಒಬ್ಬ ಮುದುಕ ದೇವರಿಗೆ ಕಾಯಿ ಹರಕೆ ಹೊತ್ತು ಕೈ ಹಾಕಿದ. ಬಿಳಿ ಕಾಳೇ ಬಂತು. ಅವನು ಹರಕೆ ವಾಪಸ್ ತೆಗೆದುಕೊಂಡ.

ನೂರಾ ಹತ್ತನೆಯ ವರ್ಷಕ್ಕೆ ನೇಕಾರ ಬೆವರು ಒರೆಸಿಕೊಂಡು, "ಈಗಲಾದರೂ ಹತ್ತಿರ ಬಂದಿರಬೇಕು" ಅಂದ.

"ಪ್ರತಿ ಸಲ ನೀವೇ ಕಲಸಿದಿರಲ್ಲ ರೀ! ನೀವು ಕಾದದ್ದು ಕಾಳಿಗೆ ನೆನಪಿರುತ್ತದೆಯೇ?"

ನೇಕಾರ ಮೊರವನ್ನೇ ನೋಡುತ್ತ ಕುಳಿತ. ಅವನಿಗೆ ಆಗ ಏನೋ ಹೊಳೆಯಿತು, ಆದರೆ ಬಾಯಿ ಬಿಟ್ಟು ಹೇಳುವಷ್ಟರಲ್ಲಿ ಪಕ್ಕದ ಮನೆಯ ಕೋಳಿ ಬಂತು. ಜನರ ಕಾಲ ಸಂದಿಯಲ್ಲಿ ನುಸುಳಿ, ನೇರ ಮೊರಕ್ಕೆ ಬಂದು, ಕುಂಕುಮದ ಕಾಳನ್ನೇ ಕುಕ್ಕಿ ನುಂಗಿ ಹೋಯಿತು.

"ಅಯ್ಯಯ್ಯೋ, ನನ್ನ ಬಹುಮಾನ!" ಅಂತ ನೇಕಾರ ಕೂಗಿದ.

ಓಣಿಗೆ ಓಣಿಯೇ ನಕ್ಕಿತು. ಕೋಳಿಯ ಒಡತಿ, "ಹತ್ತು ಸಾವಿರದ ಕೋಳಿ ನನ್ನದು, ಯಾರೂ ಮುಟ್ಟಬೇಡಿ" ಅಂದಳು. ನೇಕಾರ ತಾನೂ ನಕ್ಕ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಳಿತ. ನಗುತ್ತಲೇ ಹೆಂಡತಿಯ ಕಡೆ ನೋಡಿದ. ಅವಳು ಮೊರದ ಮೇಲೆ ಬಗ್ಗಿ ಹುಡುಕುತ್ತಿದ್ದಳು. ಮೊರವನ್ನು ಎತ್ತಿ ದೂರ ಹಿಡಿದು ನೋಡಿದಳು.

"ಹೋಯಿತೇನ್ರೀ ಕೆಂಪು ಕಾಳು? ಎಲ್ಲರೂ ನಗುತ್ತಿದ್ದೀರಿ, ನನಗೆ ಕಾಣುತ್ತಿಲ್ಲ."

ಅವನ ನಗು ನಿಂತಿತು. ನಾಲ್ಕು ಮಾರು ದೂರದಿಂದ ಬಂದ ಕೋಳಿಗೆ ಕಂಡದ್ದು, ಊರಿಗೇ ಮೇಲಾಗಿ ನೇಯುವವಳಿಗೆ ಕಾಣುತ್ತಿರಲಿಲ್ಲ. ಅವನು ಮಾತಾಡದೆ ಒಳಗೆ ಹೋದ. ಹತ್ತು ಪತ್ರಗಳನ್ನೂ ತೆಗೆದುಕೊಂಡು ಬಂದ. "ನಡಿ" ಅಂದ.

ಖಜಾನೆಯ ಕಿಟಕಿಯಲ್ಲಿ ಅವನು ಪತ್ರ ಚಾಚಿದ. ಕೊಟ್ಟರೂ ಕೈ ಬಿಡಲಿಲ್ಲ, ಆ ತುದಿ ಗುಮಾಸ್ತ ಹಿಡಿದಿದ್ದ, ಈ ತುದಿ ಇವನು. "ಸಾಹೇಬ್ರೇ, ಈ ನಂಬರು ಏನಾಗುತ್ತವೆ?"

"ಬೇರೆ ಯಾರಾದರೂ ಕೊಳ್ಳುತ್ತಾರೆ."

"ನಾಳೆಯೇ ಅವರಿಗೆ ಬಂದುಬಿಟ್ಟರೆ?"

ಗುಮಾಸ್ತನಿಗಿಂತ ಮೊದಲು ಹೆಂಡತಿಯೇ ಹೇಳಿದಳು. "ಬರಲಿ ಬಿಡ್ರೀ. ಯಾರದೋ ಮನೆಗೆ ಮಗ್ಗ ಬರುತ್ತದೆ. ನಮ್ಮ ಮನೆಗೆ ಇವತ್ತು ಬರಲಿ."

ನೇಕಾರ ಕೈ ಬಿಟ್ಟ.

ಮಗ್ಗ ಬಂತು. ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿ, ಒಂದು ಹುಣಸೆ ಕಡ್ಡಿ ಎದುರಿಗೆ ಕಟ್ಟಿಕೊಂಡು ಕುಳಿತಳು. ಪೇಟೆಯಿಂದ ಕನ್ನಡಕವೂ ಬಂತು. ಕನ್ನಡಕ ಹಾಕಿದರೆ ಅಕ್ಕಿಯೊಳಗಿನ ಕಲ್ಲು ಕಾಣುತ್ತಿತ್ತು, ಹುಣಸೆ ಎಲೆಯ ಎಳೆ ಕಾಣುತ್ತಿರಲಿಲ್ಲ. ಹನ್ನೊಂದು ದಿನ ನೇಯ್ದಳು, ಹನ್ನೊಂದು ದಿನವೂ ಬಿಚ್ಚಿದಳು. ಹನ್ನೆರಡನೆಯ ದಿನ ಅತ್ತಳು. ಅತ್ತು ಮುಖ ತೊಳೆದುಕೊಂಡು ಹಿತ್ತಲಿಗೆ ಹೋಗಿ ನುಗ್ಗೆ ಎಲೆ ಕಿತ್ತು ತಂದಳು. ನುಗ್ಗೆ ಎಲೆ ದೊಡ್ಡದು, ದುಂಡಗೆ, ಕಣ್ಣಿಗೆ ಸಿಗುವಂಥದ್ದು. ಅದನ್ನೇ ಅಂಚಿನಲ್ಲಿ ಕೂರಿಸಿದಳು.

ಸೀರೆ ಚೆನ್ನಾಗಿ ಬಂತು. ಬೀದಿಯ ಹೆಂಗಸರು ಮುಟ್ಟಿ ಮುಟ್ಟಿ ನೋಡಿದರು, ನುಗ್ಗೆ ಅಂಚು ಅಂತ ಹೆಸರಿಟ್ಟರು. ಕೊನೆಗೆ ಆ ಸಾಹುಕಾರನೇ ಬಂದು ಇಪ್ಪತ್ತು ಸೀರೆ ಬೇಕು ಅಂದ. "ಬೇಡ ಅಣ್ಣಾ, ಮಾರಿ ಹೋಗುವ ಅಂಚು ಬೇರೆ ಇದೆಯಲ್ಲ?" ಅಂತ ಅವಳು ಅವನ ಕಾಲೆಳೆದಳು. ಆಮೇಲೆ ಕೂಲಿಯ ಎರಡರಷ್ಟು ಹೇಳಿ ಒಪ್ಪಿದಳು. ಗಂಡ ಲಾಳಿ ಹಾಯಿಸುತ್ತ ಹಾಡು ಹೇಳಿಕೊಳ್ಳುತ್ತಿದ್ದ. ಚಾವಡಿಯ ಗೋಡೆಯ ಕಡೆ ಮತ್ತೆ ಹೋಗಲಿಲ್ಲ.

ಗುರುಗಳು ನಿಲ್ಲಿಸಿದರು. ಅವರೆಕಾಯಿಯೂ ಮುಗಿದಿತ್ತು. ಕಲ್ಲಪ್ಪನಿಗೆ ಕೋಳಿಯ ಮಾತು ನೆನಪಾಗಿ ಇನ್ನೂ ನಗು ಬರುತ್ತಿತ್ತು. ಆದರೂ ಒಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು, ತಡೆದುಕೊಳ್ಳಲಾಗಲಿಲ್ಲ.

"ಅಜ್ಜಾರೇ, ಅವರು ಹಿಂದಿರುಗಿಸಿದ ಆ ನಂಬರಿಗೆ ಆಮೇಲೆ ಬಹುಮಾನ ಬಂತೇ?"

ಗುರುಗಳು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

"ನಂಬರು ತಿಂ‍ಗಳು ತಿಂಗಳೂ ಹೊಸದಾಗಿ ಪೆಟ್ಟಿಗೆಗೆ ಬೀಳುವಂಥದ್ದು, ಯಾವತ್ತಾದರೂ ಬಂದೀತು ಕಲ್ಲಪ್ಪಾ. ಆ ಹೆಂಗಸಿಗೆ ಹುಣಸೆ ಎಲೆ ನೇಯುವ ಕಣ್ಣು ಮತ್ತೆ ಬರುತ್ತದೇನು?"